ತೂಬಿಗಿಂತ ಕೆಳಗಿನ ನೀರು

ಸಂಜೆ ದೀಪ ಹಚ್ಚುವ ಹೊತ್ತಿಗೆ ಅವ್ವನ ಫೋನು ಬರುತ್ತಿತ್ತು. ಉಂಡೆಯಾ, ಮಂಡಿನೋವು ಹೇಗಿದೆ, ಅದೆಲ್ಲ ಏನಿಲ್ಲ. ಮೊದಲ ಮಾತೇ, "ಡ್ಯಾಮಲ್ಲಿ ನೀರು ಎಷ್ಟದೆ ಕಣವ್ವ?" ನಾನು ಹುಣಸೂರಿನ ಮನೆಯಲ್ಲಿ ಕನ್ನಡಕ ಹುಡುಕಿಕೊಂಡು, ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಹಾಕುವ ಜಲಾಶಯದ ಮಟ್ಟ ನೋಡಿ, ಇವತ್ತು ಇಷ್ಟಿದೆ, ಒಳಗೆ ಬಂದದ್ದು ಇಷ್ಟು, ಹೊರಗೆ ಬಿಟ್ಟದ್ದು ಇಷ್ಟು ಎಂದು ಪಾಠ ಒಪ್ಪಿಸಬೇಕು. ಏರಿದೆ ಎಂದರೆ ಆ ಕಡೆಯಿಂದ ಉಸಿರಿಲ್ಲ. ಇಳಿದಿದೆ ಎಂದರೆ, "ಇಳೀಲಿ ಬುಡು" ಎಂದು ಫೋನಿಡುತ್ತಿದ್ದಳು. ಇಡೀ ಸೀಮೆ ಆಕಾಶ ನೋಡಿಕೊಂಡು ಡ್ಯಾಮು ತುಂಬಲಪ್ಪಾ ಎಂದು ಬೇಡುವಾಗ, ಬರಿದಾಗಲಿ ಎಂದು ಬೇಡುತ್ತಿದ್ದವಳು ನನಗೆ ತಿಳಿದಂತೆ ನಮ್ಮವ್ವ ಒಬ್ಬಳೇ.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಶಾಲೆಯಲ್ಲಿ ಎಲ್ಲರೂ ಹೇಳುತ್ತಿದ್ದರು, ಅದು ಸುಳ್ಳೇನಲ್ಲ. ನಿವೃತ್ತಿಯಾಗುವವರೆಗೂ ಸಮಾಜ ವಿಜ್ಞಾನ ಹೇಳಿಕೊಟ್ಟವಳು ನಾನು. ಭಾರತದ ನಕ್ಷೆಯನ್ನು ಗೋಡೆಗೆ ನೇತುಹಾಕಿ, ಕೋಲಿನಿಂದ ತೋರಿಸಿ, ನೋಡಿ ಈ ಕಡೆ ನೀರು ಹೆಚ್ಚು, ಆ ಕಡೆ ಕಡಿಮೆ, ಹೆಚ್ಚಿದ್ದಲ್ಲಿ ಕಟ್ಟಿ ನಿಲ್ಲಿಸಿ ಕಡಿಮೆ ಇದ್ದಲ್ಲಿಗೆ ಒಯ್ದರೆ ದೇಶಕ್ಕೆಲ್ಲ ಸರಿಹೋಗುತ್ತದೆ ಎನ್ನುತ್ತಿದ್ದೆ. ಅಣೆಕಟ್ಟಿನ ಉಪಯೋಗಗಳನ್ನು ಬರೆಯಿರಿ ಎಂದರೆ ಮಕ್ಕಳು ಕಣ್ಣುಮುಚ್ಚಿಕೊಂಡು ಬರೆಯುತ್ತಿದ್ದವು. ನಾನು ಕೆಂಪು ಶಾಯಿಯಲ್ಲಿ ಸರಿ ಹಾಕುತ್ತಿದ್ದೆ. ನಮ್ಮೂರು ಮುಳುಗಿದ್ದು ಆ ಉತ್ತರಗಳಲ್ಲಿ ಎಲ್ಲಿಯೂ ಬರುತ್ತಿರಲಿಲ್ಲ. ಕೇಳಿದ ಪ್ರಶ್ನೆ ಉಪಯೋಗದ್ದು ತಾನೇ, ಬರಬೇಕಾಗಿಯೂ ಇರಲಿಲ್ಲ.

ನಮ್ಮೂರು ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಅಂತರಸಂತೆಯಿಂದಾಚೆ, ಹೊಳೆಯ ದಂಡೆಯಲ್ಲಿತ್ತು. ಡ್ಯಾಮು ಕಟ್ಟಿದಾಗ ನಾನಿನ್ನೂ ಅವ್ವನ ಕಂಕುಳಲ್ಲಿದ್ದೆ. ನೀರು ನಿಲ್ಲುವ ಮೊದಲು ಕಂಟ್ರಾಕ್ಟರರ ಕಡೆಯವರು ಬಂದು ಊರಿನ ಮರಗಳನ್ನೆಲ್ಲ ಬುಡಕ್ಕೆ ಕಡಿದುಕೊಂಡು ಹೋದರು. ಜನ ಹೆಂಚು, ತೊಲೆ, ಬಾಗಿಲು ಕಿತ್ತುಕೊಂಡು ಎತ್ತರದ ಕಾಲೋನಿಗೆ ಬಂದರು. ಆ ಕಾಲೋನಿಯಲ್ಲೇ ನಾನು ಬೆಳೆದದ್ದು, ಅಣ್ಣ ಈಗಲೂ ಅಲ್ಲೇ ರಾಗಿ, ಹತ್ತಿ ಬೆಳೆದುಕೊಂಡು ಇರುವುದು.

ಅಣ್ಣನಿಗಿಂತ ಮೊದಲು ಅವ್ವನಿಗೆ ಒಂದು ಹೆಣ್ಣು ಕೂಸು ಹುಟ್ಟಿತ್ತು. ಹೆಸರಿಡುವುದರೊಳಗೆ ಜ್ವರ ಬಂದು ತೀರಿಕೊಂಡಿತು. ಹೊಳೆಗೆ ತಾಗಿಕೊಂಡಿದ್ದ ನಮ್ಮ ಹೊಲದ ಮೂಲೆಯಲ್ಲಿ, ಹುಣಸೆಮರದ ಬುಡದಲ್ಲಿ ಅಪ್ಪ ಅದನ್ನು ಮಣ್ಣು ಮಾಡಿದ. ಅವ್ವ ಹಸಿ ಬಾಣಂತಿ, ಎದೆಯಲ್ಲಿ ಹಾಲು ಕಟ್ಟಿಕೊಂಡು ಒದ್ದಾಡುತ್ತಿದ್ದಳಂತೆ. ಅದನ್ನೇ ಲೋಟಕ್ಕೆ ಹಿಂಡಿಕೊಂಡು, ಯಾರು ಬೇಡವೆಂದರೂ ಕೇಳದೆ ಹೋಗಿ, ಆ ಮಣ್ಣಿನ ಮೇಲೆ ಬಿಟ್ಟು ಬಂದಳಂತೆ. ಇದನ್ನು ಅವಳು ನನಗೆ ಹೇಳಿದವಳಲ್ಲ. ನನಗೆ ಮಗಳು ಹುಟ್ಟಿದಾಗ ಬಾಣಂತನಕ್ಕೆ ಬಂದಿದ್ದ ನಮ್ಮ ಅಜ್ಜಿ ಹೇಳಿದ್ದು.

ಕಾಲೋನಿಯವರಿಗೆ ಒಂದು ಪದ್ಧತಿಯಿದೆ. ಊರೆಲ್ಲ ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುತ್ತದೆ. ಆಗ ನಮ್ಮ ಹಿರಿಯರ ಮೇಲೆ ಡ್ಯಾಮಿನ ತುಂಬು ನೀರು ನಿಂತಿರುತ್ತದೆ. ಹಾಗಾಗಿ ಬೇಸಿಗೆಯಲ್ಲಿ, ಕೆಳಗಿನವರ ಬೆಳೆಗೆ ಬಿಟ್ಟು ಬಿಟ್ಟು ನೀರು ಹಿಂದೆ ಸರಿದಾಗ, ನಮ್ಮವರು ಇನ್ನೊಂದು ಸಲ ಎಡೆ ಇಡುತ್ತಾರೆ. ಅದಕ್ಕೆ 'ಊರಿಗೆ ಹೋಗೋದು' ಎನ್ನುತ್ತಾರೆ. ಮೊಸರನ್ನ ಕಟ್ಟಿಕೊಂಡು, ಪೊರಕೆ ಹಿಡಿದುಕೊಂಡು ಇಳಿಯುವುದು. ಒಣಗಿ ಬಿರಿದ ಗೋಡುಮಣ್ಣಿನ ನಡುವೆ ತಳಪಾಯದ ಕಲ್ಲುಗಳು ಕಾಣುತ್ತವೆ. ಅವರವರ ಮನೆಯನ್ನು ಅವರವರು ಗುಡಿಸಿ, ನಡುಮನೆಯಿದ್ದ ಜಾಗದಲ್ಲಿ ಕೂತು ಉಂಡು ಬರುವುದು. ಒಳಗೆ ಹೋಗುವಾಗ ಬಾಗಿಲಿದ್ದ ಕಡೆಯಿಂದಲೇ ಹೋಗಬೇಕು. ಹುಡುಗಿಯಾಗಿದ್ದಾಗ ಒಮ್ಮೆ ನಾನು ಗೋಡೆಯಿದ್ದ ಕಡೆ ದಾಟಿಬಿಟ್ಟೆ. ಅಜ್ಜಿ, "ಗ್ವಾಡೆ ಕಾಣಾಕಿಲ್ವ ನಿಂಗೆ?" ಎಂದು ಬೈದಿದ್ದಳು. ನನಗೆ ಕಾಣುತ್ತಿರಲಿಲ್ಲ. ಅವರಿಗೆಲ್ಲ ಕಾಣುತ್ತಿತ್ತು, ಅದೇ ನನಗೆ ಹೆದರಿಕೆ.

ಮನೆಯ ಕೆಲಸ ಮುಗಿಸಿ ಅವ್ವ ಇನ್ನೂ ಕೆಳಗಿಳಿಯುತ್ತಿದ್ದಳು. ಅಲ್ಲೊಂದು ಹುಣಸೆಮರದ ಮೋಟು. ಅದರ ಬುಡದಲ್ಲಿ ಕೂತು ಹಾಲು ಬಿಟ್ಟು, ಕೊಬ್ಬರಿ ಬೆಲ್ಲ ಇಟ್ಟು, ಮಣ್ಣನ್ನು ಅಂಗೈಯಲ್ಲಿ ಸವರುತ್ತಾ ಎಷ್ಟೋ ಹೊತ್ತು ಇರುತ್ತಿದ್ದಳು. ಕೆಲವು ವರ್ಷ ನೀರು ಅಷ್ಟು ಇಳಿಯುತ್ತಲೇ ಇರಲಿಲ್ಲ, ಮೋಟು ಮೇಲಕ್ಕೆ ಬರುತ್ತಿರಲಿಲ್ಲ. ಆ ವರ್ಷವೆಲ್ಲ ಅವ್ವನ ಮುಖ ನೋಡುವ ಹಾಗಿರಲಿಲ್ಲ.

ಅಪ್ಪ ತೀರಿಹೋದದ್ದು ಒಂದು ಮಳೆಗಾಲದಲ್ಲಿ. ಅವನನ್ನು ಕಾಲೋನಿಯ ಸ್ಮಶಾನದಲ್ಲೇ ಮಣ್ಣು ಮಾಡಿದೆವು. ಮೂರನೆಯ ದಿನ ಹಾಲು ತುಪ್ಪ ಬಿಟ್ಟು ಬಂದ ಮೇಲೆ ಅವ್ವ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದಳು: "ನನ್ನ ಇಲ್ಲಿ ಹಾಕ್ಬ್ಯಾಡಿ. ಮಗಿನ ಪಕ್ಕಕ್ಕೆ ಹಾಕಿ. ಅದು ಒಂದೇ ಅದೆ ಅಲ್ಲಿ." ಬೇರೆ ಯಾವ ಆಸೆಯನ್ನೂ ಅವಳು ಬಾಯಿಬಿಟ್ಟು ಹೇಳಿದ್ದು ನನಗೆ ನೆನಪಿಲ್ಲ. ಒಂದು ಸೀರೆ ಬೇಕು ಎಂದವಳಲ್ಲ.

ಅಲ್ಲಿಂದಾಚೆಗೆ ನೀರಿನ ವಿಚಾರಣೆ ಶುರುವಾದದ್ದು. ಅವಳ ಲೆಕ್ಕ ಸರಳ. ನೀರು ಇಳಿದಾಗ ಸತ್ತರೆ ಮಗುವಿನ ಪಕ್ಕ, ಏರಿದಾಗ ಸತ್ತರೆ ಕಾಲೋನಿ ಸ್ಮಶಾನ. ಆದ್ದರಿಂದ ಮಳೆಗಾಲದಲ್ಲಿ ಅವಳಷ್ಟು ಜೋಪಾನದ ಹೆಂಗಸು ಇರಲಿಲ್ಲ. ಸ್ವೆಟರು, ಕಿವಿಗೆ ಹತ್ತಿ, ಬಿಸಿನೀರು, ಬಿ.ಪಿ. ಮಾತ್ರೆ, ಒಂದೂ ತಪ್ಪದು. ಬೇಸಿಗೆ ಬಂತೋ, ಮಾತ್ರೆ ಕೋಳಿಗಳ ಪಾಲು. ಅತ್ತಿಗೆ ಅಂಗಳ ಗುಡಿಸುವಾಗ ಗುಲಾಬಿ ಬಣ್ಣದ ಮಾತ್ರೆಗಳನ್ನು ಕಂಡು ನನಗೆ ಫೋನು ಮಾಡುತ್ತಿದ್ದರು. ನಾನು ಬಸ್ಸು ಹತ್ತಿ ಹೋಗಿ ಕೂಗಾಡಿ ಬರುತ್ತಿದ್ದೆ. "ಕೋಳಿಗಳಿಗೇನು ಬಿ.ಪಿ. ಇದೆಯಾ?" ಎಂದರೆ, "ನೀನು ಬಂದ್ರೆ ಅವಕ್ಕೂ ಬತ್ತದೆ ಬುಡು" ಎನ್ನುವಳು. ನಕ್ಕು ಮುಗಿಸುತ್ತಿದ್ದೆವು.

ಆಮೇಲೆ ಮಳೆ ಕೈಕೊಟ್ಟ ಆ ವರ್ಷ ಬಂತು. ಹುಣಸೂರಿನಲ್ಲಿ ಲಕ್ಷ್ಮಣತೀರ್ಥ ಬರೀ ಕೊಚ್ಚೆಯಾಯಿತು, ನಮ್ಮ ಬೀದಿಗೆ ಟ್ಯಾಂಕರು ಬಂದರೆ ಹೆಂಗಸರೆಲ್ಲ ಬಿಂದಿಗೆ ಹಿಡಿದು ಹೊಡೆದಾಡುವಂತಾಯಿತು. ಕೆ.ಆರ್. ನಗರದಲ್ಲಿ ನನ್ನ ಯಜಮಾನರ ಕಡೆಯವರು ಭತ್ತದ ಗದ್ದೆ ಹಾಗೇ ಬಿಟ್ಟು ನಾಲೆಯ ಕಡೆ ನೋಡಿಕೊಂಡು ಕೂತರು. ಪಿರಿಯಾಪಟ್ಟಣದಿಂದ ಬಂದ ಪರಿಚಯದವರು ಹೊಗೆಸೊಪ್ಪು ಗೇಣುದ್ದ ಬೆಳೆದು ನಿಂತುಬಿಟ್ಟಿದೆ ಎಂದು ಅತ್ತರು. ಅಂಥದರಲ್ಲಿ ತಮಿಳುನಾಡಿಗೆ ನೀರು ಬಿಡಬೇಕು ಎಂದು ಆದೇಶ ಬಂತು. ರಸ್ತೆ ತಡೆ, ಬಂದ್, ಬಸ್ಸಿಲ್ಲ, ಅಂಗಡಿಯಿಲ್ಲ. ಅವ್ವನ ಫೋನು ಬಂತು.

"ಬುಟ್ರಂತಾ?"

"ಬಿಟ್ಟರು. ಜನ ಬೀದೀಲಿ ಕೂತವ್ರೆ. ನೀನು ಇಂಗೆ ಸಂತೋಷವಾಗಿ ಕೇಳಿದ್ದು ಯಾರಿಗಾದ್ರೂ ಗೊತ್ತಾದ್ರೆ ಮನೆಗೆ ಕಲ್ಲು ಬೀಳ್ತವೆ."

"ಆ ಕಡೆಯೋರ್ಗೂ ಹೊಟ್ಟೆ ಅದೆ, ಈ ಕಡೆಯೋರ್ಗೂ ಹೊಟ್ಟೆ ಅದೆ. ನಂಗೆ ನೀರಡೀಲಿ ಮಗು ಅದೆ ಕಣವ್ವ. ಬುಡ್ಲಿ."

ನಾನು ಫೋನು ಕುಕ್ಕಿಬಿಟ್ಟೆ. ಎಷ್ಟೋ ಸಂಜೆ ಅವಳ ಫೋನು ಎತ್ತಲಿಲ್ಲ. ನನ್ನ ಮನೆಯ ಸಿಂಟೆಕ್ಸಿನ ತಳದಲ್ಲಿ ಪಾಚಿ ಮಾತ್ರ ಇದ್ದಾಗ, ನೀರು ಹೋಗಲಿ ಎನ್ನುವ ಮಾತು ಕೇಳಲು ನನಗೆ ಆಗುತ್ತಿರಲಿಲ್ಲ.

ಬೇಸಿಗೆಗೆ ಡ್ಯಾಮಿನ ನೀರು ಅಷ್ಟು ದೂರ ಹೋದದ್ದನ್ನು ಅಣ್ಣನ ವಯಸ್ಸಿನವರೂ ನೋಡಿರಲಿಲ್ಲ. ಊರಿಗೆ ಹೋಗುವ ದಿನ ನಾನೂ ಹೋದೆ. ಅವ್ವನಿಗೆ ನಡೆಯಲು ತ್ರಾಣವಿರಲಿಲ್ಲ, ಅಣ್ಣ ಟ್ರಾಕ್ಟರಿನ ಮೇಲೆ ಚಾಪೆ ಹಾಸಿ ಮಲಗಿಸಿಕೊಂಡು ಬಂದ. ದೂರದಲ್ಲಿ, ಕಾಡಿನ ಕಡೆಯ ದಡದಲ್ಲಿ ಆನೆಗಳು ಹಿಂಡುಗಟ್ಟಿ ಮೇಯುತ್ತಿದ್ದವು. ಮೋಟಿನ ಹತ್ತಿರ ಇಳಿಸಿದೆವು. ಹಾಲು ಬಿಟ್ಟಾದ ಮೇಲೆ ಅವ್ವ ಅದರ ಪಕ್ಕದಲ್ಲಿ ಉದ್ದಕ್ಕೆ ಮಲಗಿ, ಕೈಕಾಲು ಚಾಚಿ, "ಇಷ್ಟ್ ಜಾಗ ಸಾಕು" ಎಂದಳು.

"ಅವ್ವ, ಇದು ಊರೂರಿಗೆ ಕುಡಿಯೋಕೆ ಕೊಡೋ ನೀರು. ಇದರೊಳಗೆ ಹೆಣ ಹೂಳ್ತೀವಿ ಅಂದ್ರೆ ಯಾರಾದ್ರೂ ಒಪ್ತಾರಾ? ನಾನೇ ಒಪ್ಪಲ್ಲ" ಎಂದೆ.

ಉತ್ತರ ಕೊಟ್ಟದ್ದು ಅಣ್ಣ. "ನಮ್ಮೂರ್ ಸ್ಮಶಾನ ಪೂರ್ತಿ ಇದರೊಳಗೇ ಅದೆ ಕಣವ್ವ. ತಾತ, ಮುತ್ತಾತ, ಎಲ್ರೂ. ನೀರು ನಿಲ್ಸೋವಾಗ ಯಾರಾದ್ರೂ ಬಂದು ಎತ್ಕೊಂಡೋದ್ರಾ? ಅವರನ್ನೆಲ್ಲ ಕುಡ್ದವ್ರಿಗೆ ಅವ್ವ ಒಬ್ಬಳು ಹೆಚ್ಚಾದ್ಲಾ?"

ಆಮೇಲೆ ಅವನೇ ಸ್ವರ ಇಳಿಸಿ ಅವ್ವನಿಗೆ, "ಬೇಕಾದ್ರೆ ಇಲ್ಲಿಂದ ಒಂದು ಬೊಗಸೆ ಮಣ್ಣು ತಗೊಂಡೋಗಿ ಮೇಲೆ ಸ್ಮಶಾನದಲ್ಲಿ ಹಾಕಾನ. ನೀನು ಅಲ್ಲೇ ಅದರ ಪಕ್ಕ ಇರೀವಂತೆ" ಎಂದ. ಅವ್ವ ಎದ್ದು ಕೂತಳು. "ಮನಗಿರೋ ಮಗಿನ ಎಬ್ಬುಸ್ಬ್ಯಾಡ್ರೋ" ಎಂದಳು. ಅಣ್ಣ ಮುಖ ತಿರುಗಿಸಿಕೊಂಡು ಟ್ರಾಕ್ಟರಿನ ಕಡೆ ನಡೆದ.

ಆ ಬೇಸಿಗೆಯ ಕೊನೆಗೆ ಅವ್ವ ಹೋದಳು. ಮಾತ್ರೆ ತಪ್ಪಿಸಿದ್ದರಿಂದಲೋ, ವಯಸ್ಸಿನಿಂದಲೋ, ಹೇಳುವವರು ಯಾರು. ಬೆಳಿಗ್ಗೆ ಒಲೆ ಮುಂದೆ ಕೂತು ಟೀ ಕುಡಿದವಳು ಹಾಗೇ ಗೋಡೆಗೆ ಒರಗಿಕೊಂಡಳಂತೆ. ನಾನು ಹೋಗುವಷ್ಟರಲ್ಲಿ ಸ್ನಾನ ಮಾಡಿಸಿ ಕೂರಿಸಿದ್ದರು. ವಯನಾಡಿನ ಕಡೆ ಮೋಡ ಕಪ್ಪಗೆ ಕಟ್ಟಿತ್ತು. ಕಾಲೋನಿಯ ಹಿರಿಯರು ಒಂದಿಬ್ಬರು ಗೊಣಗಿದರು, ಆದರೆ ಅವ್ವನ ಆಸೆ ಗೊತ್ತಿಲ್ಲದವರು ಯಾರೂ ಇರಲಿಲ್ಲ, ಹೆಗಲು ಕೊಡಲು ಎಲ್ಲರೂ ಬಂದರು. ಹೆಂಗಸರು ಹಿಂದೆ ಉಳಿಯುವುದು ನಮ್ಮಲ್ಲಿ ವಾಡಿಕೆ. ನಾನು ಉಳಿಯಲಿಲ್ಲ. ನಾನೇ ಒಪ್ಪಲ್ಲ ಎಂದಿದ್ದವಳು ಒಂದು ಮಾತೂ ಆಡದೆ ಮೋಟಿನವರೆಗೆ ನಡೆದು ಹೋಗಿ ಮೂರು ಹಿಡಿ ಮಣ್ಣು ಹಾಕಿದೆ.

ಹಾಲು ತುಪ್ಪ ಬಿಡುವಷ್ಟರಲ್ಲಿ ನೀರೇನೂ ಬರುವುದಿಲ್ಲ ಎಂದು ಎಲ್ಲರೂ ಹೇಳಿದ್ದರು. ನಮ್ಮವರಿಗೆ ನೀರು ಇಳಿಯುವ ಲೆಕ್ಕ ಮಾತ್ರ ಗೊತ್ತು. ಕಾಯುತ್ತಾ ಕಾಯುತ್ತಾ ಕಲಿತದ್ದು ಅದೊಂದನ್ನೇ. ಏರುವುದನ್ನು ಯಾರು ಕಾದು ನೋಡಿದ್ದಾರೆ? ಆ ಕಡೆ ಕೇರಳದ ಬೆಟ್ಟದಲ್ಲಿ ಸುರಿಯಿತು, ಈ ಕಡೆ ಡ್ಯಾಮಿನ ಬಾಗಿಲು ಹಾಕಿದರು. ಮೂರನೆಯ ದಿನ ಬೆಳಿಗ್ಗೆ ಹಾಲಿನ ಚೊಂಬು ಹಿಡಿದು ನಾವು ಇಳಿದರೆ, ಮೋಟು ಇರಬೇಕಾದ ಕಡೆ ಕೆಂಪು ನೀರು, ಕಸಕಡ್ಡಿ ಸುತ್ತುತ್ತಿತ್ತು.

ಅತ್ತಿಗೆ ದಡದಲ್ಲೇ ಉಳಿದರು. ಮೀನು ಹಿಡಿಯುವವರೊಬ್ಬರ ತೆಪ್ಪ ಸಿಕ್ಕಿತು. ಅಣ್ಣ, ನಾನು ಹತ್ತಿದೆವು. ಅವ್ವ ಇರುವ ಜಾಗ ಅಂದಾಜು ಮಾಡಿ ತೆಪ್ಪ ನಿಲ್ಲಿಸಿದರು. ಅಣ್ಣ ಬಗ್ಗಿ ಹಾಲು ತುಪ್ಪ ಬಿಟ್ಟ, ಆದರೆ ಅರ್ಧಕ್ಕೆ ನಿಲ್ಲಿಸಿಬಿಟ್ಟ. ತೆಪ್ಪದವರಿಗೆ, "ಇನ್ನೂ ಒಳಕ್ಕೆ ಬುಡಪ್ಪ" ಎಂದ.

"ಎಲ್ಲಿಗಣ್ಣ?"

"ಸುಮ್ನೆ ಕೂತ್ಕೊಳವ್ವ."

ಬಹಳ ದೂರ ಹೋದೆವು. ಅಣ್ಣ ಒಂದು ಸಲ ಹಿಂದಕ್ಕೆ ತಿರುಗಿ ಕಾಲೋನಿಯ ಓವರ್‌ಹೆಡ್ ಟ್ಯಾಂಕನ್ನು ನೋಡುವನು, ಒಂದು ಸಲ ಎದುರಿನ ಬೆಟ್ಟದ ತಗ್ಗನ್ನು ನೋಡುವನು. ಎರಡೂ ಒಂದು ಗೆರೆಗೆ ಬಂದವೇನೋ, ಕೈ ಎತ್ತಿ ನಿಲ್ಲಿಸಿದ. ಸುತ್ತ ಬರೀ ನೀರು.

"ಮಗು ಇರೋದು ಇಲ್ಲಿ" ಎಂದ. "ಅಲ್ಲಲ್ಲ."

ನನಗೆ ಅರ್ಥವಾಗಲಿಲ್ಲ. ಅವನು ನೀರನ್ನೇ ನೋಡಿಕೊಂಡು ಹೇಳಿದ. "ಮೊದಲ್ನೇ ಬೇಸ್ಗೇಲಿ ನೀರು ಇಳೀತಲ್ಲ, ಅವತ್ತು ಅವ್ವ ಹುಚ್ಚಿಯಂಗೆ ಓಡಾಡುದ್ಲು. ಮಂಡಿಯುದ್ದ ಗೋಡು, ಬದು ಇಲ್ಲ, ದಾರಿ ಇಲ್ಲ, ಒಂದೂ ಗುರುತಿಲ್ಲ. ನಮ್ಮೊಲ ಹೊಳೆ ಪಕ್ಕದ್ದು, ಅದು ಮೇಲಕ್ಕೇ ಬಂದಿರ್ನಿಲ್ಲ. ಅಪ್ಪಂಗೆ ನೋಡಕ್ಕಾಗ್ನಿಲ್ಲ. ಯಾರ್ದೋ ಹೊಲದ ಹುಣ್ಸೆ ಮೋಟು ತೋರ್ಸಿ, ಇದೇ ಕಣೆ, ಅಂದ್ಬುಟ್ಟ. ದನ ಮೇಯಿಸ್ತಿದ್ದವನು ನಾನು, ನಂಗೆ ಗೊತ್ತಿರ್ನಿಲ್ವಾ? ಅಪ್ಪ ನನ್ ಮುಖ ನೋಡ್ದ. ನಾನು ಬಾಯ್ ಮುಚ್ಕೊಂಡೆ."

"ಬರಗಾಲದಲ್ಲೂ ಮೇಲೆ ಬರಲಿಲ್ವಾ?" ಎಂದು ಕೇಳಿದೆ.

"ಅದು ತೂಬಿಗಿಂತ ಕೆಳಗದೆ. ಯಾವ ಬರದಲ್ಲೂ ಬರಾಕಿಲ್ಲ."

ನಾನು ಪಾಠ ಮಾಡಿದವಳು, ನನಗೆ ಗೊತ್ತಿತ್ತು. ಯಾವ ಡ್ಯಾಮಿನಲ್ಲೂ ತೂಬಿಗಿಂತ ಕೆಳಗೆ ಉಳಿಯುವ ನೀರನ್ನು ಬಿಡಲು ಆಗುವುದಿಲ್ಲ. ಅದು ಹಂಚಿಕೆಗೆ ಸೇರದ ನೀರು. ಈ ರಾಜ್ಯ ಆ ರಾಜ್ಯ, ಗದ್ದೆ, ಊರು, ನಲ್ಲಿ, ಯಾರ ಪಾಲಿನಲ್ಲೂ ಅದರ ಲೆಕ್ಕವಿಲ್ಲ. ಜನ ಬೀದಿಯಲ್ಲಿ ಹೊಡೆದಾಡಿಕೊಂಡದ್ದೆಲ್ಲ ಅದರ ಮೇಲಿನ ನೀರಿಗೆ. ನಮ್ಮವ್ವ ಬದುಕಿರುವವರೆಗೆ ಇಳೀಲಿ, ಇಳೀಲಿ ಎಂದು ಬೇಡಿಕೊಂಡದ್ದು ಈ ನೀರನ್ನು.

ನನಗೆ ಎಲ್ಲಿತ್ತೋ ಸಿಟ್ಟು. "ಮಣ್ಣು ಮಾಡೋವಾಗಲಾದ್ರೂ ಹೇಳಬಾರದಿತ್ತಾ? ಒಬ್ಬಳನ್ನೇ ಯಾರದೋ ಹೊಲದಲ್ಲಿ ಹಾಕಿ ಬಂದ್ಯಲ್ಲೋ" ಎಂದು ಅಣ್ಣನ ತೋಳಿಗೆ, ಬೆನ್ನಿಗೆ ಹೊಡೆದೆ. ತೆಪ್ಪ ಅಲ್ಲಾಡಿತು, ತೆಪ್ಪದವರು ಗಾಬರಿಯಾಗಿ ಹುಟ್ಟು ಹಿಡಿದುಕೊಂಡರು. ಅಣ್ಣ ಹೊಡೆಸಿಕೊಂಡ. "ಹೇಳಿ ಎಲ್ಲಿ ಹಾಕೋದು? ನೀರೊಳಕ್ಕೆ ಹಾಕಕ್ಕಾಯ್ತದಾ?" ಎಂದ. ಆಮೇಲೆ ಉಳಿದ ಹಾಲನ್ನು ಅಲ್ಲಿ ಬಿಟ್ಟ. ಹಾಲು ಕೆಂಪು ನೀರಿನಲ್ಲಿ ಸ್ವಲ್ಪ ಹೊತ್ತು ಬಿಳಿಯಾಗಿ ತಿರುಗಿ ಕರಗಿಹೋಯಿತು. ಮನೆಯಲ್ಲಿ ಹೇಳಬೇಡ ಎಂದು ದಡ ಮುಟ್ಟುವ ಮೊದಲು ಕೇಳಿಕೊಂಡ. ಅತ್ತಿಗೆಗೂ ಹೇಳಿರಲಿಲ್ಲವಂತೆ.

ಆ ವರ್ಷ ಮಳೆ ಚೆನ್ನಾಗಿ ಆಯಿತು. ಡ್ಯಾಮು ತುಂಬಿತು, ದೊಡ್ಡವರೆಲ್ಲ ಬಂದು ಬಾಗಿನ ಬಿಟ್ಟದ್ದನ್ನು ಟಿ.ವಿ.ಯಲ್ಲಿ ತೋರಿಸಿದರು. ಎಲ್ಲರ ಮುಖದಲ್ಲಿ ನಗು. ಗದ್ದೆಗೆ ನೀರು ಬಂತೆಂದು ಕೆ.ಆರ್. ನಗರದಿಂದ ಫೋನು ಬಂತು. ನಾನು ಸಂತೋಷ ಎಂದೆ, ನಿಜವಾಗಿಯೂ ಸಂತೋಷವೇ. ಆದರೆ ಟಿ.ವಿ.ಯಲ್ಲಿ ಆ ನೀರಿನ ಹರವು ತೋರಿಸಿದಷ್ಟೂ ಹೊತ್ತು ನನ್ನ ಕಣ್ಣು ಓವರ್‌ಹೆಡ್ ಟ್ಯಾಂಕು ಎಲ್ಲಿ, ಬೆಟ್ಟದ ತಗ್ಗು ಎಲ್ಲಿ ಎಂದು ಹುಡುಕುತ್ತಿತ್ತು. ಕಾಲೋನಿಗೆ ಹೋದರೆ ಅತ್ತಿಗೆ ನಲ್ಲಿಯ ನೀರು ತಂದುಕೊಡುತ್ತಾರೆ. ಅದು ಅದೇ ಹಿನ್ನೀರಿನಿಂದ ಬರುವುದು. ಲೋಟ ತುಟಿಯವರೆಗೆ ಬಂದಾಗ ಪ್ರತಿ ಸಲವೂ ಕೈ ನಿಲ್ಲುತ್ತದೆ. ಆಮೇಲೆ ಕುಡಿಯುತ್ತೇನೆ.

ಈ ಬೇಸಿಗೆಯಲ್ಲಿ ನೀರು ಸರಿದು ಮೋಟು ಕಂಡಿತು ಎಂದು ಅಣ್ಣ ಹೇಳಿಕಳಿಸಿದ. ಮೂವರೂ ಇಳಿದೆವು. ಅವ್ವನ ಮೇಲಿನ ಮಣ್ಣಿನ ದಿಣ್ಣೆ ಸವೆದು ನೆಲಕ್ಕೆ ಸಮನಾಗಿತ್ತು. ಅಣ್ಣ ಗುರುತು ಹಿಡಿದು ತಲೆಯ ಕಡೆ ಒಂದು, ಕಾಲ ಕಡೆ ಒಂದು ಕಲ್ಲಿಟ್ಟ. ಅತ್ತಿಗೆ ಹಾಲಿನ ಚೊಂಬು ಹಿಡಿದು ಸುತ್ತ ನೋಡಿದರು, ಮೋಟನ್ನು ನೋಡಿದರು, ಕಲ್ಲನ್ನು ನೋಡಿದರು. ಆಮೇಲೆ ನನ್ನನ್ನು ಕೇಳಿದರು.

"ಮಗು ಯಾವ ಕಡಿಕದೆ ಕಣವ್ವ? ನಂಗೆ ಗೊತ್ತಾಯ್ತಿಲ್ಲ. ಮೊದ್ಲು ಮಗಿಗೆ ಬುಟ್ಟು ಆಮೇಲೆ ನಂಗೆ ಬುಡು ಅಂತ ಅತ್ತೆ ಹೇಳಿದ್ರು."

ಅಣ್ಣ ಎದ್ದು ನೀರಿನ ಕಡೆ ತಿರುಗಿ ನಿಂತ. ಸುಳ್ಳು ಹೇಳಿದ ಮಕ್ಕಳನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದವಳು, ಹೆಡ್‌ಮಾಸ್ತರರನ್ನೂ ಬಿಡದೆ ಮುಖದ ಮೇಲೆ ಹೇಳಿದವಳು. ಅತ್ತಿಗೆ ಕಾಯುತ್ತಿದ್ದರು. ನಾನು ಅವ್ವನ ಎಡಗಡೆಗೆ, ಎದೆಯ ಹತ್ತಿರ, ಬರೀ ನೆಲವನ್ನು ಬೆರಳು ಮಾಡಿ ತೋರಿಸಿದೆ.

"ಇಲ್ಲಿ ಅತ್ತಿಗೆ. ತೋಳಿನ ಮೇಲೆ ಮನಗೈತೆ" ಎಂದೆ.

ಅತ್ತಿಗೆ ಅಲ್ಲಿ ಮಂಡಿಯೂರಿ, ಚೊಂಬು ಬಗ್ಗಿಸಿ, ನಿಧಾನಕ್ಕೆ ಹಾಲು ಬಿಟ್ಟರು. ಅಣ್ಣ ಬಂದು ನನ್ನ ಪಕ್ಕ ಕೂತು ಅಲ್ಲಿಗೇ ಕೈಮುಗಿದ. ನಾನೂ ಮುಗಿದೆ.